ಅಮ್ಮ ಕೊಟ್ಟದ್ದು

ಅರಸೀಕೆರೆ–ಹಾಸನ ರೂಟಿನಲ್ಲಿ ಹನ್ನೊಂದು ವರ್ಷ
ಟಿಕೆಟ್ ಕೊಟ್ಟವನು ನಾನು.
ಯುಗಾದಿ ಹಿಂದಿನ ದಿನ, ದುದ್ದ ದಾಟುವಾಗ
ಬೆನ್ನ ಮೇಲೊಂದು ಬಿಸಿ ಹನಿ.
ಬೆವರು ಅಂದುಕೊಂಡೆ.
ರಾತ್ರಿ ವನಮಾಲ ಟಾರ್ಚು ಹಿಡಿದು ಎಣಿಸಿದಳು, ಏಳು.
ಬೆಳಿಗ್ಗೆ ಎಣಿಸುವುದನ್ನು ಬಿಟ್ಟಳು.

ಒಂದು ಬರೀ ಕೆಂಪು ಚುಕ್ಕೆ,
ಪಕ್ಕದ್ದು ನೀರು ತುಂಬಿದ ಬೊಕ್ಕೆ,
ಅದರಾಚೆ ಒಡೆದು ಹಕ್ಕಳೆಗಟ್ಟಿದ್ದು.
ಮೂರು ತಲೆಮಾರು
ಒಂದೇ ಜಗಲಿಯಲ್ಲಿ ಕೂತ ಹಾಗೆ.

ಮಗಳಿಗೆ ಎದ್ದದ್ದು ಕಾಮನ ಹುಣ್ಣಿಮೆಗೆ.
ಎಂಟು ವರ್ಷದ ಮೈ, ಎರಡು ದಿನದ ಜ್ವರ.
ಉಗುರು ಕತ್ತರಿಸಿ, ಗುಲಾಬಿ ಕ್ಯಾಲಮೈನ್ ಬಳಿದು ಕೂರಿಸಿದರೆ
ಕನ್ನಡಿ ನೋಡಿ ನಕ್ಕಳು:
"ಓಕುಳಿ ನಂಗೆ ಮನೇಲೇ."
ಹತ್ತನೇ ದಿನ ತಮ್ಮನ ಜುಟ್ಟು ಹಿಡಿದು ಜಗಳಕ್ಕೆ ನಿಂತಳು.

ನನಗೆ ನೂರಾ ಮೂರು.
ಬಾಯೊಳಗೂ ಬೊಕ್ಕೆ, ಅಂಗುಳಕ್ಕೆ ಗಂಜಿಯೂ ಮುಳ್ಳು.
"ದೊಡ್ಡವರಿಗೆ ಬಂದರೆ ಆಟವಲ್ಲ," ಅಂದರು ಡಾಕ್ಟರು.
"ದಿನಕ್ಕೆ ಐದು ಸಲ ಈ ಮಾತ್ರೆ, ಇವತ್ತಿಂದಲೇ.
ಜ್ವರಕ್ಕೆ ಪ್ಯಾರಸಿಟಮಾಲ್. ಆಸ್ಪಿರಿನ್ ಮನೇಲೇ ಬೇಡ.
ಉಸಿರು ಕಟ್ಟಿದರೆ, ಮಾತು ತಡವರಿಸಿದರೆ
ನಡುರಾತ್ರಿಯಾದರೂ ಬಂದುಬಿಡಿ."
ಆಮೇಲೆ ಕೇಳಿದರು,
"ಎರಡು ದಿನದಿಂದ ಎಲ್ಲೆಲ್ಲಿ ಓಡಾಡಿದ್ದೀರಿ?
ಬೊಕ್ಕೆ ಕಾಣುವ ಮೊದಲೇ ಇದು ಹಂಚಿಹೋಗುತ್ತೆ."

ಎರಡು ದಿನ.
ಹಬ್ಬದ ನೂಕುನುಗ್ಗಲು, ಕಾಲಿಡಲು ಜಾಗವಿಲ್ಲದ ಗಾಡಿ.
ಹಾರನಹಳ್ಳಿಯಲ್ಲಿ ಹತ್ತಿದ ಬಾಣಂತಿ,
ಚಿಲ್ಲರೆಗಾಗಿ ನನ್ನ ಮುಖಕ್ಕೆ ಮುಖ ಕೊಟ್ಟು ಜಗಳವಾಡಿದ ಮುದುಕ.
ಯಾರಿಗೆ ಏನು ಕೊಟ್ಟೆನೋ,
ಮಿಷಿನ್ನಿನಲ್ಲಿ ಲೆಕ್ಕವಿಲ್ಲ.

ಮನೆಯಲ್ಲಿ ಅಮ್ಮನ ಕಾನೂನು:
"ಅಮ್ಮ ಬಂದವ್ಳೆ. ಒಗ್ಗರಣೆ ಹಾಕಂಗಿಲ್ಲ,
ಒಂಬತ್ತು ದಿನ ಮೈಗೆ ನೀರು ಹುಯ್ಯಂಗಿಲ್ಲ."
ವನಮಾಲ ಚೌಕಾಸಿಗೆ ಕೂತಳು.
ಒಗ್ಗರಣೆ ಬಿಟ್ಟಳು, ನೀರು ಬಿಡಲಿಲ್ಲ.
ಉಗುರುಬೆಚ್ಚಗಿನದು, ಉಜ್ಜದೆ, ದಿನಾ ಎರಡು ಚೊಂಬು.
ಬಾಗಿಲಿಗೆ ಬೇವು ಕಟ್ಟಲು ಮಾತ್ರ
ಇಬ್ಬರೂ ಒಟ್ಟಿಗೇ ಸ್ಟೂಲು ಹಿಡಿದರು.

ಆದರೆ ಯುಗಾದಿ. ಬೀದಿಯ ಬಾಗಿಲಿಗೆಲ್ಲ ಬೇವು.
ನಮ್ಮದರಲ್ಲಿ ಮಾವಿನೆಲೆ ಇಲ್ಲದ್ದು ಯಾರ ಕಣ್ಣಿಗೆ ಬಿತ್ತು?
ತಂಗಿ ನೇತ್ರ, ಮೂರು ತಿಂಗಳ ಬಸುರಿ,
ಒಬ್ಬಟ್ಟಿನ ಡಬ್ಬಿ ಹಿಡಿದು ಮೆಟ್ಟಿಲೇರಿಯೇಬಿಟ್ಟಿದ್ದಳು.
ವನಮಾಲ ಕೂಗಿದ ಕೂಗಿಗೆ ಡಬ್ಬಿ ಕೈಜಾರಿತು.
ನೇತ್ರಳಿಗೆ ಚಿಕ್ಕಂದಿನಲ್ಲಿ ಆಗಿತ್ತೋ ಇಲ್ಲವೋ
ಹೆತ್ತವಳಿಗೂ ನೆನಪಿಲ್ಲ.
ಗೇಟಿನಿಂದಲೇ ಆಸ್ಪತ್ರೆಗೆ, ರಕ್ತಪರೀಕ್ಷೆಗೆ.
ಹಬ್ಬದ ದಿನ ಮಗಳು ಹೊಸಿಲು ತುಳಿಯದೆ ಹೋದಳೆಂದು
ಅಮ್ಮ ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟಳು.

ನೇತ್ರಳ ರಕ್ತ ಹೇಳಿತು, ಎಂದೋ ಆಗಿಹೋಗಿದೆ, ಭಯವಿಲ್ಲ.

ಫೋನಿನಲ್ಲಿ ಡಾಕ್ಟರು ಕೇಳಿದ್ದು ಅವತ್ತೇ,
"ಮಗಳ ಶಾಲೆಯಲ್ಲಿ ಯಾರಿಗೂ ಇಲ್ಲ ಅಂತೀರಿ.
ಮನೆಯಲ್ಲಿ ಯಾರಿಗಾದರೂ ಸರ್ಪಸುತ್ತು?"

ಶಿವರಾತ್ರಿಗೆ ಅಮ್ಮನ ಪಕ್ಕೆ ಸುತ್ತಿತ್ತು ಅದು.
ಕೆಮ್ಮಣ್ಣಿನಲ್ಲಿ ಹಾವು ಬರೆಸಿಕೊಂಡಿದ್ದಳು,
ತಲೆಗೆ ಬಾಲ ಮುಟ್ಟದ ಹಾಗೆ.
ಮಣ್ಣು ಒಣಗಿ ಉದುರಿದಲ್ಲೆಲ್ಲ
ಮೊಮ್ಮಗಳು ಪುಟ್ಟ ಬೆರಳಲ್ಲಿ
ಕೊಬ್ಬರಿಯೆಣ್ಣೆ ಸವರುತ್ತಿದ್ದಳು.

"ಎಲ್ಲಿಂದ ಬಂತಂತೆ?" ಅಮ್ಮ ಕೇಳಿದಳು.
"ಸ್ಕೂಲಿಂದ," ಅಂದೆ.

ಚಿಕ್ಕವನಿಗೆ ಅಕ್ಕನ ಮೈಯಲ್ಲಿ ಎದ್ದ ಮೂರನೇ ದಿನವೇ
ದುಡ್ಡು ಕೊಟ್ಟು ಲಸಿಕೆ ಹಾಕಿಸಿದ್ದೆವು.
ಮೂರು ತಿಂಗಳಿಗೆ ಇನ್ನೊಂದು ಡೋಸು ಬಾಕಿ.
ಈಗ ನನ್ನ ಹಕ್ಕಳೆ ನೋಡಿ ಕೇಳುತ್ತಾನೆ, "ನಂದೆಲ್ಲಿ?"
ತೋರಿಸಲು ಸೂಜಿ ಚುಚ್ಚಿದ ಗುರುತೂ ಉಳಿದಿಲ್ಲ.

ಹಕ್ಕಳೆ ಎಲ್ಲ ಒಣಗಿದ ಸಂಜೆ
ಕೈಗೆಟುಕದ ಬೆನ್ನಿಗೆ ಬೇವಿನೆಸಳು ಸವರುತ್ತ
ಅಮ್ಮ ಅಂದಳು:
"ನಂಗಾಗ ಒಂಬತ್ತು. ಮೊಸರನ್ನ, ಬಳೆ, ಅರಿಶಿನ ಇಟ್ಟು
ಊರಾಚೆ ತನಕ ಬಿಟ್ಟು ಬಂದ್ವಿ, ತಿರುಗಿ ನೋಡಲಿಲ್ಲ."
ಎಸಳು ಸ್ವಲ್ಪ ಹೊತ್ತು ನಿಂತಿತು.
"ಹೋಗಿರಲಿಲ್ಲ ಕಣೋ. ನನ್ನ ಜೊತೇಲೇ ಇದ್ಲು."